ಮಗ್ಗದ ಸದ್ದಿನ ನಡುವೆ ಒಂದು ಸ್ಟೇಜ್ ಮೈಕ್: ಹ್ಯಾಮ್ ರೇಡಿಯೋಗೆ ವೈರಿಂಗ್ ಮಾಡಿದ ಅನುಭವ

ಹ್ಯಾಮ್ ರೇಡಿಯೋಗೆ ಹಾಡುಗಾರರ ಮೈಕ್ ಯಾಕೆ ಅಂತ ಕೇಳುವವರೇ ಜಾಸ್ತಿ. ರೇಡಿಯೋ ಜೊತೆಗೇ ಒಂದು ಹ್ಯಾಂಡ್ ಮೈಕ್ ಬರುತ್ತದೆ, ಅದು ಕೆಟ್ಟದ್ದೇನಲ್ಲ. ಶಾಂತವಾದ ಕೋಣೆ ಇದ್ದವರಿಗೆ ಅದೇ ಸಾಕು. ಆದರೆ ನಾನಿರುವುದು ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯಲ್ಲಿ. ಕೆಳಗೆ ಅಣ್ಣನ ಪವರ್‌ಲೂಮ್ ಮಗ್ಗಗಳು. ಪಕ್ಕದ ಮನೆಯಲ್ಲೂ ಮಗ್ಗ, ಎದುರು ಸಾಲಿನಲ್ಲೂ ಮಗ್ಗ. ಬೆಳಿಗ್ಗೆ ಶುರುವಾದ ಖಟಖಟ ರಾತ್ರಿವರೆಗೂ ನಿಲ್ಲುವುದಿಲ್ಲ. ಹುಟ್ಟಿದಾಗಿನಿಂದ ಕೇಳುತ್ತಿರುವ ನಮಗೆ ಅದು ಸದ್ದು ಅಂತಲೇ ಅನ್ನಿಸುವುದಿಲ್ಲ. ರೇಡಿಯೋದ ಆ ಕಡೆ ಕೂತವರಿಗೆ ಅನ್ನಿಸುತ್ತದೆ.

ಹ್ಯಾಮ್ ಅಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಮತ್ತು ಕರೆ ಸಂಕೇತ ಪಡೆದು, ಸ್ವಂತ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಮಾತಾಡುವ ಹವ್ಯಾಸ ಇದು. ಮಧ್ಯೆ ಟವರ್ ಇಲ್ಲ, ಇಂಟರ್ನೆಟ್ ಇಲ್ಲ. ತಾರಸಿ ಮೇಲಿನ ತಂತಿಯಿಂದ ಹೊರಟ ಅಲೆ ಆಕಾಶದ ಅಯಾನು ಪದರಕ್ಕೆ ತಾಗಿ ವಾಪಸ್ ಬರುತ್ತದೆ. ನನ್ನ ಬಳಿ ಇರುವುದು ಸೆಕೆಂಡ್ ಹ್ಯಾಂಡ್ ಐಕಾಮ್ ಐಸಿ-7300 ರೇಡಿಯೋ. ತಾರಸಿ ಮೇಲೆ 40 ಮೀಟರ್ ಬ್ಯಾಂಡಿನ ಡೈಪೋಲ್, ಅಂದರೆ ನಡುವೆ ಕೇಬಲ್ ಕೂಡುವ ಎರಡು ತುಂಡು ತಂತಿಯ ಆಂಟೆನಾ, ಒಟ್ಟು ಸುಮಾರು 20 ಮೀಟರ್ ತಂತಿ. ಹಗಲಿನಲ್ಲಿ ಕರ್ನಾಟಕ, ಮಹಾರಾಷ್ಟ್ರ ಆರಾಮವಾಗಿ ಸಿಗುತ್ತವೆ.

ಬೆಳಗಾವಿಯಲ್ಲಿ ಒಬ್ಬರು ಹಿರಿಯ ಹ್ಯಾಮ್ ಇದ್ದಾರೆ. ನಾವೆಲ್ಲ ಕಾಕಾ ಅನ್ನುತ್ತೇವೆ. ಏನನ್ನೂ ಸುತ್ತಿಬಳಸಿ ಹೇಳುವವರಲ್ಲ. ನಾನು ಹೊಸದಾಗಿ ರೇಡಿಯೋಗೆ ಬಂದ ದಿನಗಳಲ್ಲಿ ಹೇಳಿದ್ದು ಹೀಗೆ: "ತಮ್ಮಾ, ನಿನ್ನ ಮಾತೂ ಕೇಳಸ್ತೈತಿ, ನಿನ್ನ ಮಗ್ಗಾನೂ ಕೇಳಸ್ತೈತಿ. ಇವತ್ತ ಎಷ್ಟ ಸೀರಿ ನೇಯ್ದಿ?" ರೇಡಿಯೋದಲ್ಲಿ ಕೇಳುತ್ತಿದ್ದವರೆಲ್ಲ ನಕ್ಕರು. ಮುಂದೆ ಅದೇ ನನ್ನ ಗುರುತಾಯಿತು. ಕರೆಂಟ್ ಹೋದಾಗ ಬ್ಯಾಟರಿ ಮೇಲೆ ಮಾತಾಡಿದರೆ, "ಏನಪಾ, ಇವತ್ತ ಆಡಿಯೋ ಭಾಳ ಚೊಲೊ ಐತಿ, ಕರೆಂಟ್ ಇಲ್ಲೇನು?" ಅಂತ ಕೇಳುತ್ತಿದ್ದರು. ರೇಡಿಯೋದಲ್ಲಿ ದೋಷ ಇಲ್ಲ, ಹೊರಗಿನ ಸದ್ದೇ ಸಮಸ್ಯೆ ಅನ್ನುವುದು ಅಲ್ಲಿಗೇ ಪಕ್ಕಾ ಆಯಿತು.

ಇದನ್ನು ಮೀಟರ್‌ನಲ್ಲೂ ನೋಡಬಹುದು. ನಾವು ಬಳಸುವ ಎಸ್‌ಎಸ್‌ಬಿ ವಿಧಾನದಲ್ಲಿ ದನಿ ಇದ್ದರೆ ಮಾತ್ರ ಪವರ್ ಹೊರಡುತ್ತದೆ. ಸುಮ್ಮನಿದ್ದರೆ ಪವರ್ ಮೀಟರ್ ಸೊನ್ನೆಯಲ್ಲಿರಬೇಕು. ನಾನು ಆಂಟೆನಾ ತೆಗೆದು ಅದರ ಬದಲು ಪವರನ್ನು ತಾನೇ ನುಂಗುವ 50 ಓಮ್ ಡಮ್ಮಿ ಲೋಡ್ ಹಾಕಿ, ಪಿಟಿಟಿ (ಮಾತಾಡುವಾಗ ಒತ್ತುವ) ಬಟನ್ ಒತ್ತಿ, ಬಾಯಿ ಮುಚ್ಚಿಕೊಂಡು ಕೂತೆ. ಮೀಟರ್ ಮಗ್ಗದ ಲಯಕ್ಕೆ ಸರಿಯಾಗಿ ಕುಣಿಯುತ್ತಿತ್ತು! ಲಾಳಿ ಆ ಕಡೆ ಹೋದಾಗ ಒಂದು ಸಲ, ಈ ಕಡೆ ಬಂದಾಗ ಇನ್ನೊಂದು ಸಲ. ಕಂಪ್ರೆಸರ್ ಆನ್ ಮಾಡಿದರೆ ಇನ್ನೂ ಜೋರು. ಸಣ್ಣ ಸದ್ದನ್ನು ಮೇಲೆತ್ತುವುದೇ ಕಂಪ್ರೆಸರ್ ಕೆಲಸ ಅಲ್ವಾ? ಅದಕ್ಕೆ ಮಗ್ಗವೂ ಒಂದೇ, ಮಾತೂ ಒಂದೇ.

ಗದ್ದಲದಲ್ಲಿ ಮಾತು ಹಿಡಿಯುವ ಮೈಕ್ ಬೇಕು ಅಂದರೆ ಸ್ಟೇಜ್ ಕಡೆ ನೋಡಬೇಕು. ಅಲ್ಲಿ ಹಾಡುವವರ ಹಿಂದೆ ಡ್ರಮ್ಸ್ ಇರುತ್ತದೆ, ಮುಂದೆ ಸ್ಪೀಕರ್ ಇರುತ್ತದೆ. ಆದರೂ ಮೈಕ್ ಬಾಯಿಯ ದನಿಯನ್ನೇ ಹಿಡಿಯಬೇಕು. ಜಾತ್ರೆ, ಮದುವೆಗಳಿಗೆ ಸೌಂಡ್ ಸಿಸ್ಟಮ್ ಬಾಡಿಗೆ ಕೊಡುವ ಗೆಳೆಯ ಒಬ್ಬನಿದ್ದಾನೆ. ಅವನು ಎಲ್ಲ ಕಾರ್ಡ್‌ಲೆಸ್ ಮಾಡಿದ ಮೇಲೆ ಒಂದು ಶೂರ್ ಎಸ್‌ಎಂ58 ಅವನ ಪೆಟ್ಟಿಗೆಯಲ್ಲಿ ಸುಮ್ನೆ ಬಿದ್ದಿತ್ತು. 1966ರಿಂದ ತಯಾರಾಗುತ್ತಿರುವ, ಗುಂಡು ಜಾಲರಿ ತಲೆಯ ಮೈಕ್. ನೋಡಿದರೆ ಯಾರಿಗಾದರೂ ಗುರುತು ಸಿಗುತ್ತದೆ. ಜಾಲರಿ ಸ್ವಲ್ಪ ತಗ್ಗಾಗಿತ್ತು. ಅದಕ್ಕೇ ಕಡಿಮೆಗೆ ಕೊಟ್ಟ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ದನಿ ಇಂಪಾಗಲಿ ಅಂತ ಇಂಥ ಮೈಕ್ ಹಾಕುವುದಾದರೆ ದುಡ್ಡು ದಂಡ. ಎಸ್‌ಎಂ58 ಹಿಡಿಯುವುದು 50ರಿಂದ 15,000 ಹರ್ಟ್ಸ್‌ವರೆಗೆ. ನಮ್ಮ ಎಸ್‌ಎಸ್‌ಬಿಯಲ್ಲಿ ಹೋಗುವುದು ಹೆಚ್ಚುಕಡಿಮೆ 300ರಿಂದ 2,700 ಹರ್ಟ್ಸ್. ಉಳಿದದ್ದೆಲ್ಲ ರೇಡಿಯೋದ ಫಿಲ್ಟರ್‌ನಲ್ಲೇ ಬಿದ್ದುಹೋಗುತ್ತದೆ. ಕೆಲವರು ಸ್ಟುಡಿಯೋದ ದೊಡ್ಡ ಕಂಡೆನ್ಸರ್ ಮೈಕ್, ಅದಕ್ಕೆ 48 ವೋಲ್ಟ್ ಸಪ್ಲೈ, ಮಿಕ್ಸರ್ ಎಲ್ಲ ತರುತ್ತಾರೆ. ನಮ್ಮ ಓಣಿಯಲ್ಲಿ ಅದನ್ನಿಟ್ಟರೆ ಆಚೆ ಓಣಿಯ ಮಗ್ಗವೂ ಕೇಳಿಸೀತು. ನನಗೆ ಬೇಕಾಗಿದ್ದದ್ದು ಎರಡೇ ಗುಣ. ಬಾಯಿಗೆ ತಾಗುವಷ್ಟು ಹತ್ತಿರ ಹಿಡಿದರೂ ಉಸಿರಿನ ಸದ್ದು ಜಾಸ್ತಿ ಬರಬಾರದು. ಹಿಂದಿನಿಂದ ಬರುವ ಸದ್ದು ಕಡಿಮೆ ಕೇಳಿಸಬೇಕು. ಎರಡೂ ಇದರಲ್ಲಿವೆ.

ಇನ್ನು ವೈರಿಂಗ್. ಮೈಕಿನ ಬುಡದಲ್ಲಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರ್ ಇರುತ್ತದೆ. 1ನೇ ಪಿನ್ ಶೀಲ್ಡ್, 2 ಮತ್ತು 3 ಸಿಗ್ನಲ್. ರೇಡಿಯೋ ಕಡೆ ಎಂಟು ಪಿನ್ನಿನ ದುಂಡು ಸಾಕೆಟ್. ಐಕಾಮ್‌ನಲ್ಲಿ 1 ಮೈಕ್ ಇನ್‌ಪುಟ್, 2ರಲ್ಲಿ 8 ವೋಲ್ಟ್ ಡಿಸಿ ಹೊರಗೆ ಬರುತ್ತದೆ, 5 ಪಿಟಿಟಿ, 6 ಪಿಟಿಟಿ ಗ್ರೌಂಡ್, 7 ಮೈಕ್ ಗ್ರೌಂಡ್. ಉಳಿದ ಮೂರು ನಮಗೆ ಬೇಡ. ಈ ಪ್ಲಗ್ ಜಿಎಕ್ಸ್16 ಅನ್ನುವ ಹೆಸರಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಎಂಟು ಪಿನ್ನಿನದ್ದು ಅಂತ ನೋಡಿ ತರಿಸಬೇಕು.

ಪಿನ್ ನಂಬರ್ ವಿಷಯದಲ್ಲಿ ತಲೆ ಕೆಡುವುದು ಸಹಜ. ಮ್ಯಾನ್ಯುಯಲ್‌ನಲ್ಲಿ ಇರುವ ಚಿತ್ರ ರೇಡಿಯೋದ ಮುಖವನ್ನು ಎದುರಿನಿಂದ ನೋಡಿದಂತೆ ಇದೆ. ಪ್ಲಗ್ಗಿನ ಬೆಸುಗೆ ಹಾಕುವ ಕಡೆಯಿಂದ ನೋಡಿದರೂ ನಾವು ರೇಡಿಯೋ ಕಡೆಗೇ ನೋಡುತ್ತಿರುತ್ತೇವೆ. ಹಾಗಾಗಿ ನಂಬರ್ ಅದೇ ಕ್ರಮದಲ್ಲಿ ಬರುತ್ತವೆ, ಕನ್ನಡಿಯ ಹಾಗೆ ತಿರುಗಿಸುವುದು ಬೇಡ. ಆದರೂ ಪ್ರತಿ ಪಿನ್ನಿಗೂ ಮಲ್ಟಿಮೀಟರ್ ಬೀಪ್ ಕೇಳಿಸಿಕೊಂಡೇ ಮುಂದೆ ಹೋಗುವುದು ಒಳ್ಳೆಯದು. ಪಿನ್‌ಗಳು ತೀರಾ ಒತ್ತೊತ್ತಾಗಿವೆ. ಒಂದೊಂದು ತಂತಿಗೂ ಮೊದಲೇ ಸ್ಲೀವ್ ತೂರಿಸಿ ಆಮೇಲೆ ಬೆಸುಗೆ ಹಾಕಬೇಕು. 2ನೇ ಪಿನ್ನಿನ 8 ವೋಲ್ಟ್ ಗ್ರೌಂಡಿಗೆ ತಾಗಿದರೆ ರೇಡಿಯೋ ಒಳಗಿನ ರೆಗ್ಯುಲೇಟರ್ ಸುಟ್ಟುಹೋಗಬಹುದು.

ಐಕಾಮ್‌ನಲ್ಲಿ ಇನ್ನೊಂದು ಗಮನಿಸಬೇಕಾದ ಸಂಗತಿ ಇದೆ. ಅದರ ಜೊತೆ ಬರುವ ಎಚ್‌ಎಂ-219 ಹ್ಯಾಂಡ್ ಮೈಕ್ ಎಲೆಕ್ಟ್ರೆಟ್ ಜಾತಿಯದು, ಅದಕ್ಕೆ ಕೆಲಸ ಮಾಡಲು ಡಿಸಿ ಬೇಕು. ಆ ಡಿಸಿಯನ್ನು ರೇಡಿಯೋ 1ನೇ ಪಿನ್ನಿನ ಮೇಲೇ, ಅಂದರೆ ಸಿಗ್ನಲ್ ಬರುವ ತಂತಿಯ ಮೇಲೇ ಕಳಿಸುತ್ತದೆ. ಎಸ್‌ಎಂ58 ಡೈನಮಿಕ್ ಮೈಕ್. ಒಳಗೆ ಅಯಸ್ಕಾಂತ, ಸುರುಳಿ, ಒಂದು ಸಣ್ಣ ಟ್ರಾನ್ಸ್‌ಫಾರ್ಮರ್. ಅದಕ್ಕೆ ಡಿಸಿ ಬೇಡ, ಹರಿದರೆ ಒಳ್ಳೆಯದೂ ಅಲ್ಲ. 1 ಮತ್ತು 7ರ ನಡುವೆ ಮೀಟರ್ ಇಟ್ಟು ನೋಡಿದೆ, ಡಿಸಿ ಇದ್ದೇ ಇತ್ತು. ಪರಿಹಾರ ಸುಲಭ, ಮಧ್ಯೆ ಒಂದು ಕೆಪಾಸಿಟರ್ ಹಾಕಿದರೆ ಡಿಸಿ ನಿಲ್ಲುತ್ತದೆ, ದನಿ ದಾಟುತ್ತದೆ.

ಯಾವ ಬೆಲೆಯ ಕೆಪಾಸಿಟರ್? ಇಲ್ಲಿ ಒಂದು ಸಣ್ಣ ಲಾಭ ಮಾಡಿಕೊಳ್ಳಬಹುದು. ಇಂಥ ಮೈಕನ್ನು ತೀರಾ ಹತ್ತಿರ ಹಿಡಿದರೆ ದನಿಯಲ್ಲಿ ಬೇಸ್, ಅಂದರೆ ಕೆಳದನಿ, ಉಬ್ಬುತ್ತದೆ. ಹಾಡುಗಾರರಿಗೆ ಅದು ಬೇಕು, ನಮಗೆ ಬೇಡ. ಮೈಕಿನ ರೆಸಿಸ್ಟೆನ್ಸ್ ಸುಮಾರು 300 ಓಮ್, ರೇಡಿಯೋ ಇನ್‌ಪುಟ್ 600 ಓಮ್, ಕೂಡಿದರೆ 900. ಇದಕ್ಕೆ 10 ಮೈಕ್ರೋಫ್ಯಾರಡ್ ಹಾಕಿದರೆ 20 ಹರ್ಟ್ಸ್‌ಗಿಂತ ಕೆಳಗಿನದು ಮಾತ್ರ ಕತ್ತರಿಸುತ್ತದೆ, ಅಂದರೆ ಏನೂ ಆಗುವುದಿಲ್ಲ. 0.47 ಹಾಕಿದರೆ ಸುಮಾರು 375 ಹರ್ಟ್ಸ್‌ನಿಂದಲೇ ಬೇಸ್ ಇಳಿಯಲು ಶುರು. ಡಿಸಿಯೂ ನಿಂತಿತು, ಉಬ್ಬರವೂ ಹೋಯಿತು. ಜೊತೆಗೆ ಮಗ್ಗದ ಗುಡುಗುಡು ಕೂಡ ಅಷ್ಟು ಕಡಿಮೆ. 474 (ಅಂದರೆ 0.47) ಅಂತ ಬರೆದಿರುವ ಪಾಲಿಯೆಸ್ಟರ್ ಕೆಪಾಸಿಟರ್, ಜಮಖಂಡಿಯ ಟಿವಿ ರಿಪೇರಿ ಅಂಗಡಿಯಲ್ಲಿ ಸಿಕ್ಕಿತು. ಇದಕ್ಕೆ ಪ್ಲಸ್ ಮೈನಸ್ ನೋಡುವ ಗೋಜಿಲ್ಲ.

ಕೇಬಲ್ ಎರಡು ಕೋರ್ ಶೀಲ್ಡ್ ಇರುವ ಮೈಕ್ ಕೇಬಲ್ಲೇ. ಎಕ್ಸ್‌ಎಲ್‌ಆರ್‌ನ 2 ಕೆಪಾಸಿಟರ್ ದಾಟಿ ರೇಡಿಯೋದ 1ಕ್ಕೆ, 3 ರೇಡಿಯೋದ 7ಕ್ಕೆ. ಶೀಲ್ಡನ್ನು 7ಕ್ಕೆ ಕಟ್ಟಲಿಲ್ಲ, ಪ್ಲಗ್ಗಿನ ಲೋಹದ ಕವಚಕ್ಕೆ ಕಟ್ಟಿದೆ. ಇದು ಸುಮ್ಮನೆ ಶೋಕಿಗೆ ಮಾಡಿದ್ದಲ್ಲ. ಶೀಲ್ಡ್ ಹಿಡಿದ ರೇಡಿಯೋ ಅಲೆ ಪೆಟ್ಟಿಗೆಯ ಹೊರಮೈಗೆ ಹೋಗಲಿ, ಒಳಗಿನ ಮೈಕ್ ಗ್ರೌಂಡಿಗೆ ನುಗ್ಗದಿರಲಿ ಅಂತ.

ಈ ಮೈಕಿನಲ್ಲಿ ಬಟನ್ ಇಲ್ಲ. ಬಟನ್ ಇರುವ ಸ್ಟೇಜ್ ಮೈಕ್ ಸಿಕ್ಕರೂ ಉಪಯೋಗವಿಲ್ಲ, ಅದು ದನಿಯನ್ನು ಬಂದ್ ಮಾಡುತ್ತದೆಯೇ ಹೊರತು ಟ್ರಾನ್ಸ್‌ಮಿಟರ್ ಆನ್ ಮಾಡುವುದಿಲ್ಲ. ರೇಡಿಯೋದಲ್ಲಿ ವಾಕ್ಸ್ ಅನ್ನುವ ಸೌಲಭ್ಯ ಇದೆ, ಮಾತಾಡಿದರೆ ತಾನೇ ಆನ್ ಆಗುತ್ತದೆ. ಬನಹಟ್ಟಿಯಲ್ಲಿ ಅದನ್ನು ಹಾಕಿದರೆ ಲಾಳಿಯೇ ಟ್ರಾನ್ಸ್‌ಮಿಟ್ ಮಾಡುತ್ತದೆ. ಹಾಗಾಗಿ ಕಾಲಿನ ಸ್ವಿಚ್ಚೇ ಗತಿ. ಹೊಲಿಗೆ ಮಷೀನಿನ ಮೋಟಾರ್ ಪೆಡಲ್ ಮನೆಯಲ್ಲಿತ್ತು, ಆದರೆ ಅದು ಸ್ವಿಚ್ ಅಲ್ಲ, ವೇಗ ಹೆಚ್ಚುಕಡಿಮೆ ಮಾಡುವ ಸಾಧನ. ಪಿಟಿಟಿಗೆ ಬೇಕಾದ್ದು ಒತ್ತಿದಾಗ ಕೂಡುವ, ಬಿಟ್ಟಾಗ ಬಿಡುವ ಸಾದಾ ಸಂಪರ್ಕ. ಕಾರ್ಖಾನೆ ಮಷೀನುಗಳಿಗೆ ಹಾಕುವ ಕಬ್ಬಿಣದ ಫುಟ್ ಸ್ವಿಚ್ ತಂದು 5 ಮತ್ತು 6ಕ್ಕೆ ಜೋಡಿಸಿದೆ. ಎರಡೂ ಕೈ ಬಿಡುವಾದವು. ಲಾಗ್ ಬರೆಯುತ್ತಾ ಮಾತಾಡಬಹುದು, ಬೇಕಾದರೆ ಚಹಾನೂ ಕುಡಿಯಬಹುದು.

ಹೀಗೆ ಜೋಡಿಸಿ ಡಮ್ಮಿ ಲೋಡ್ ಮೇಲೆ ನೋಡಿದಾಗ ಮಗ್ಗದ ಕುಣಿತ ಬಹಳ ಇಳಿದಿತ್ತು. ಆದರೆ ನನ್ನ ದನಿಯೂ ಇಳಿದಿತ್ತು. ಡೈನಮಿಕ್ ಮೈಕ್ ಕೊಡುವ ವೋಲ್ಟೇಜ್ ಎಲೆಕ್ಟ್ರೆಟ್‌ಗಿಂತ ತುಂಬಾ ಕಡಿಮೆ. ಐಕಾಮ್ ತನ್ನದೇ ಎಲೆಕ್ಟ್ರೆಟ್‌ಗೆ ತಕ್ಕಂತೆ ರೇಡಿಯೋ ಮಾಡಿದೆ. ಮೈಕ್ ಗೇನ್ ಪೂರ್ತಿ ತಿರುಗಿಸಿ, ಸ್ವಲ್ಪ ಗಟ್ಟಿಯಾಗಿ ಮಾತಾಡಿದರೆ ನಡೆಯುತ್ತದೆ. ದಿನಾ ಹಾಗೆ ಗಂಟಲು ಹರಿದುಕೊಳ್ಳುವುದು ಯಾಕೆ?

ಅದಕ್ಕೆ ಮೈಕಿನ ಸಿಗ್ನಲ್ಲನ್ನು ದೊಡ್ಡದು ಮಾಡುವ, ಒಂದೇ ಟ್ರಾನ್ಸಿಸ್ಟರಿನ ಪ್ರೀಆಂಪ್ ಮಾಡಿದೆ. ಬಿಸಿ549, ಕಡಿಮೆ ಗದ್ದಲದ್ದು. ಸಿಗದಿದ್ದರೆ ಬಿಸಿ547 ಆದರೂ ನಡೆದೀತು. ಅದರ ಕಲೆಕ್ಟರ್ ಕಾಲಿಗೆ 4.7 ಕೆ (ಕೆ ಅಂದರೆ ಸಾವಿರ ಓಮ್) ರೆಸಿಸ್ಟರ್, ಕಲೆಕ್ಟರಿನಿಂದ ಬೇಸ್ ಕಾಲಿಗೆ 470 ಕೆ, ಎಮಿಟರಿನಲ್ಲಿ 100 ಓಮ್. ಎಮಿಟರಿನ ಆ 100 ಓಮ್ ಮರೆಯಬಾರದು. ಅದಿಲ್ಲದಿದ್ದರೆ ಗೇನ್ ಅತಿಯಾಗುತ್ತದೆ, ಅದಿದ್ದರೆ ಸುಮಾರು ನಾಲ್ಕೂವರೆ ಪಟ್ಟು, ನಮಗೆ ಅಷ್ಟೇ ಬೇಕಾಗಿರುವುದು. ವಿದ್ಯುತ್ತಿಗೆ ಬೇರೆ ಬ್ಯಾಟರಿ ಬೇಡ. 2ನೇ ಪಿನ್ನಿನ 8 ವೋಲ್ಟ್ ಇದೆಯಲ್ಲ, ಅದರಿಂದ 10 ಮಿಲಿಆಂಪ್‌ವರೆಗೆ ತೆಗೆಯಬಹುದು. ಈ ಸರ್ಕಿಟ್ ತಿನ್ನುವುದು ಸುಮಾರು ಒಂದು ಮಿಲಿಆಂಪ್.

ಪ್ರೀಆಂಪ್ ಬಂದ ಮೇಲೆ ಕೆಪಾಸಿಟರ್ ಲೆಕ್ಕ ಬದಲಾಗುತ್ತದೆ. ಈಗ ಮೈಕ್ ಕಡೆ 1 ಮೈಕ್ರೋಫ್ಯಾರಡ್ ಹಾಕಿದರೆ ಬೇಸ್ ಪೂರ್ತಿ ಒಳಗೆ ಬರುತ್ತದೆ. ಕತ್ತರಿಸುವ ಕೆಲಸವನ್ನು ಔಟ್‌ಪುಟ್ ಕಡೆಗೆ ಕೊಟ್ಟೆ. ಅಲ್ಲಿ 4.7 ಕೆ ಮತ್ತು 600 ಓಮ್ ಸೇರಿ 5,300. ಅದಕ್ಕೆ 104 ಅಂದರೆ 0.1 ಮೈಕ್ರೋಫ್ಯಾರಡ್ ಹಾಕಿದರೆ ಸರಿಯಾಗಿ 300 ಹರ್ಟ್ಸ್. ರೇಡಿಯೋದ ಡಿಸಿಯನ್ನು ತಡೆಯುವುದೂ ಇದೇ.

ಎಲ್ಲ ಒಂದು ಸಣ್ಣ ಲೋಹದ ಡಬ್ಬಿಯಲ್ಲಿರಬೇಕು, ಇಲ್ಲದಿದ್ದರೆ ಸುತ್ತಲಿನ ಗುಂಯ್ ಸದ್ದೆಲ್ಲ ಒಳಗೆ ಸೇರುತ್ತದೆ. ಹಿತ್ತಾಳೆಯ ಅಡಿಕೆ ಡಬ್ಬಿ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಹಿತ್ತಾಳೆಗೆ ಬೆಸುಗೆ ಚೆನ್ನಾಗಿ ಹಿಡಿಯುತ್ತದೆ, ಸ್ಟೀಲಿಗೆ ಹಿಡಿಯುವುದಿಲ್ಲ. "ನನ್ನ ಅಡಿಕಿ ಡಬ್ಬಿ ಎಲ್ಲಿ ಹೋತೋ?" ಅಂತ ಅವ್ವ ಎರಡು ದಿನ ಹುಡುಕಿದಳು. ರೇಡಿಯೋ ಪಕ್ಕ ನೋಡಿ, "ಇದರಾಗ ಏನ್ ಸುಣ್ಣ ಹಾಕಿಯೇನು?" ಅಂದಳು. ಹೊಸ ಡಬ್ಬಿ ತಂದುಕೊಟ್ಟೆ, ಆದರೂ ಹಳೆಯದರ ಮಾತು ಈಗಲೂ ಬರುತ್ತದೆ.

ಇಷ್ಟೆಲ್ಲ ಆದ ಮೇಲೂ ಕೋಣೆಯ ಕೆಲಸ ಬಾಕಿ ಇತ್ತು. ನನ್ನ ಪ್ರಕಾರ ಬೆಸುಗೆಗಿಂತ ಹೆಚ್ಚು ಫಲ ಕೊಟ್ಟದ್ದು ಇದೇ. ಎಸ್‌ಎಂ58 ತನ್ನ ಬಾಲದ ಕಡೆಯಿಂದ ಬರುವ ಸದ್ದನ್ನು ಅತಿ ಕಡಿಮೆ ಹಿಡಿಯುತ್ತದೆ. ನನ್ನ ಟೇಬಲ್ ಮೊದಲು ಹೇಗಿತ್ತೆಂದರೆ, ನನ್ನ ಬೆನ್ನ ಹಿಂದೆ ಮೆಟ್ಟಿಲ ಬಾಗಿಲು, ಮಗ್ಗದ ಸದ್ದು ಬರುವುದು ಅಲ್ಲಿಂದಲೇ. ಮೈಕ್ ನನ್ನ ಬಾಯಿ ಕಡೆ ನೋಡುತ್ತದೆ ಅಂದರೆ ನೇರವಾಗಿ ಆ ಬಾಗಿಲ ಕಡೆ ನೋಡುತ್ತದೆ. ಸದ್ದಿಗೆ ಬೆನ್ನು ಹಾಕಿ ಕೂರಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ಆದರೆ ಬೆನ್ನು ಹಾಕಬೇಕಾದದ್ದು ಮೈಕ್, ನಾವಲ್ಲ. ಟೇಬಲ್ ತಿರುಗಿಸಿದೆ. ಈಗ ನಾನು ಬಾಗಿಲಿಗೆ ಮುಖ ಮಾಡಿ ಕೂರುತ್ತೇನೆ, ಮೈಕಿನ ಬಾಲ ಬಾಗಿಲ ಕಡೆಗಿದೆ. ಗೋಡೆಗೆ ಬಡಿದು ತಿರುಗಿ ಬರುವ ಸದ್ದಿಗೆ ನನ್ನ ಹಿಂದಿನ ಗೋಡೆಗೆ ಎರಡು ಕೌದಿ ನೇತುಹಾಕಿದೆ. ಹಳೆ ಸೀರೆಯ ದಪ್ಪ ಕೌದಿ, ಅಂಗಡಿಯ ಫೋಮಿಗಿಂತ ಏನೂ ಕಡಿಮೆಯಿಲ್ಲ.

ಮೈಕ್ ಸ್ಟ್ಯಾಂಡ್ ಎತ್ತರ ಕೂಡ ಲೆಕ್ಕಕ್ಕೆ ಬರುತ್ತದೆ. ಬಾಯಿಂದ 10 ಸೆಂಟಿಮೀಟರ್ ದೂರದ ಮೈಕನ್ನು ಎರಡೂವರೆ ಸೆಂಟಿಮೀಟರಿಗೆ ತಂದರೆ ದನಿ ಸುಮಾರು 12 ಡೆಸಿಬೆಲ್ ಏರುತ್ತದೆ. ಮಗ್ಗ ಇದ್ದಲ್ಲೇ ಇರುತ್ತದೆ, ಅದರ ಸದ್ದು ಏರುವುದಿಲ್ಲ. ಆಮೇಲೆ ಮೈಕ್ ಗೇನ್ 12 ಡೆಸಿಬೆಲ್ ಇಳಿಸಿದರೆ ಮಗ್ಗ ಅಷ್ಟು ಹಿಂದೆ ಹೋಯಿತು.

ಆಂಟೆನಾಗೆ ಬಂದಾಗ ಹೊಸ ತಾಪತ್ರಯ. ಪವರ್ ಕಡಿಮೆ ಇಟ್ಟಾಗ ಎಲ್ಲ ಸರಿ. 100 ವಾಟ್‌ಗೆ ಏರಿಸಿದರೆ ಮಾತು ಗೊರಗೊರ ಅನ್ನುತ್ತಿತ್ತು. ತುಟಿ ಜಾಲರಿಗೆ ತಾಗಿದರೆ ಚುರ್ ಅನ್ನುತ್ತಿತ್ತು. ರೇಡಿಯೋ ಅಲೆ, ಆಂಟೆನಾಗೆ ಹೋಗುವ ಕೋಆಕ್ಸ್ ಕೇಬಲ್ಲಿನ ಹೊರಮೈ ಮೇಲೆ ಹರಿದು ಕೋಣೆಗೇ ವಾಪಸ್ ಬರುತ್ತಿದೆ, ಮೈಕಿನ ಲೋಹದ ಮೈಗೂ ಬರುತ್ತಿದೆ ಅಂತ ಅರ್ಥ. ಮೈಕ್ ಕೇಬಲ್ಲಿಗೆ ಮದ್ದು ಹುಡುಕುವ ಮೊದಲು ಆಂಟೆನಾ ಕಡೆ ನೋಡಬೇಕು. ಡೈಪೋಲ್ ನಡುವೆ, ಕೋಆಕ್ಸ್ ಕೂಡುವ ಜಾಗದಲ್ಲಿ, ಕೇಬಲ್ಲನ್ನು ದೊಡ್ಡ ಫೆರೈಟ್ ರಿಂಗ್‌ಗೆ ಸುತ್ತಿ ಚೋಕ್, ಅಂದರೆ ಹೊರಮೈ ಮೇಲೆ ಹರಿಯುವ ಅಲೆಗೆ ತಡೆ, ಮಾಡಿದೆ. ತುಟಿಯ ಚುರುಕು ಅಲ್ಲಿಗೇ ನಿಂತಿತು. ಗೊರಗೊರ ಸ್ವಲ್ಪ ಉಳಿದಿತ್ತು. ಟ್ರಾನ್ಸಿಸ್ಟರಿನ ಬೇಸಿನಿಂದ ಗ್ರೌಂಡಿಗೆ 102 (0.001 ಮೈಕ್ರೋಫ್ಯಾರಡ್) ಸೆರಾಮಿಕ್ ಕೆಪಾಸಿಟರ್ ಹಾಕಿ, ಮೈಕ್ ಕೇಬಲ್ಲಿಗೂ ಪೆಡಲ್ ಕೇಬಲ್ಲಿಗೂ ಒಂದೊಂದು ಕ್ಲಿಪ್ ಫೆರೈಟ್ ಕಚ್ಚಿಸಿದೆ. ಪೆಡಲ್ ತಂತಿಯನ್ನು ಜನ ಮರೆಯುತ್ತಾರೆ, ಅದೂ ಉದ್ದದ ಆಂಟೆನಾನೇ ತಾನೆ.

ರೇಡಿಯೋ ಸೆಟ್ಟಿಂಗ್ ಬಗ್ಗೆ ಹೆಚ್ಚಿಗೆ ಹೇಳುವುದಿಲ್ಲ. ಮಾನಿಟರ್ ಆನ್ ಮಾಡಿ ಹೆಡ್‌ಫೋನ್‌ನಲ್ಲಿ ನನ್ನ ದನಿ ನಾನೇ ಕೇಳಿಕೊಂಡೆ. ಟ್ರಾನ್ಸ್‌ಮಿಟ್ ಬ್ಯಾಂಡ್‌ವಿಡ್ತ್ ಮಿಡ್, ಅಂದರೆ 300ರಿಂದ 2,700. ಟ್ರೆಬಲ್ ಎರಡು ಹೆಜ್ಜೆ ಮೇಲೆ. ಎಎಲ್‌ಸಿ (ಪವರ್ ಮಿತಿ ಮೀರದಂತೆ ತಡೆಯುವ ವ್ಯವಸ್ಥೆ) ಮೀಟರ್ ಗುರುತಿನೊಳಗೇ ಆಡುವಷ್ಟು ಮೈಕ್ ಗೇನ್. ಕಂಪ್ರೆಸರ್ ಹಗಲು ಬಂದ್. ರಾತ್ರಿ ಮಗ್ಗ ನಿಂತ ಮೇಲೆ, ದೂರದ ಸ್ಟೇಷನ್ ಸಿಕ್ಕರೆ ಸ್ವಲ್ಪ.

ಒಂದು ಬೆಳಿಗ್ಗೆ ಎಲ್ಲ ಮಗ್ಗ ನಡೆಯುತ್ತಿದ್ದ ಹೊತ್ತಿನಲ್ಲಿ, ಏನೂ ಹೇಳದೆ ಕರೆ ಸಂಕೇತ ಕೊಟ್ಟು ರೇಡಿಯೋದ ಮಾತುಕತೆಗೆ ಸೇರಿಕೊಂಡೆ. ಕಾಕಾ ರಿಪೋರ್ಟ್ ಕೊಟ್ಟರು, ಆಮೇಲೆ, "ಯಾಕ ತಮ್ಮಾ, ನಿಮ್ಮ ಕಡೆ ಕರೆಂಟ್ ಯಾವಾಗ ಹೋತು?" ಅಂದರು. ಕರೆಂಟ್ ಇದೆ ಅಂದೆ. ನಂಬಲಿಲ್ಲ. ಪೆಡಲ್ ಒತ್ತಿ ಹಿಡಿದು ಮೈಕನ್ನು ಬಾಗಿಲ ಕಡೆ ತಿರುಗಿಸಿ ಕೇಳಿಸಿದೆ. "ಆತು ಆತು, ಸಾಕು, ತಿರುಗಸು" ಅಂದರು. ಪೂರ್ತಿ ಮಾಯವಾಗಿಲ್ಲ, ಮಾತಿನ ನಡುವೆ ನಿಲ್ಲಿಸಿದರೆ ಹಿಂದೆ ಸಣ್ಣಗೆ ಇದ್ದೇ ಇದೆ ಅಂತಲೂ ಹೇಳಿದರು. ಅವರು ಕಳಿಸಿದ ರೆಕಾರ್ಡಿಂಗ್‌ನಲ್ಲಿ ನನಗೂ ಕೇಳಿಸಿತು.

ಈಗ ಕಾಕಾಗೂ ಅಂಥದ್ದೇ ಕೇಬಲ್ ಬೇಕಂತೆ. ಅವರ ಭಜನಾ ಮಂಡಳಿಯಲ್ಲಿ ಒಂದು ಡೈನಮಿಕ್ ಮೈಕ್ ಹೆಚ್ಚಿಗೆ ಇದೆ. ಅವರ ರೇಡಿಯೋ ಯಾಯೆಸು ಎಫ್‌ಟಿ-950. ಪ್ಲಗ್ ನೋಡಲು ಒಂದೇ, ಒಳಗಿನ ಲೆಕ್ಕವೇ ಬೇರೆ. ಅದರಲ್ಲಿ 8 ಮೈಕ್, 7 ಮೈಕ್ ಗ್ರೌಂಡ್, 6 ಪಿಟಿಟಿ, 5 ಗ್ರೌಂಡ್, 2ರಲ್ಲಿ 8 ವೋಲ್ಟ್ ಬದಲು 5 ವೋಲ್ಟ್. ಐಕಾಮ್‌ಗೆ ಮಾಡಿದ್ದನ್ನು ಚುಚ್ಚಿದರೆ ಪೆಡಲ್ ಕೆಲಸ ಮಾಡುತ್ತದೆ, ಆದರೆ ಮಾತು ಹೋಗುವುದಿಲ್ಲ. ಒಂದು ಅನುಕೂಲ ಏನೆಂದರೆ ಯಾಯೆಸುವಿನ ಹ್ಯಾಂಡ್ ಮೈಕೇ ಡೈನಮಿಕ್, ಆದ್ದರಿಂದ ಪ್ರೀಆಂಪ್ ಬೇಕಾಗಲಿಕ್ಕಿಲ್ಲ. 0.47 ಕೆಪಾಸಿಟರ್ ಮಾತ್ರ ಬೇಸ್ ಕತ್ತರಿಸಲು ಹಾಕುತ್ತೇನೆ. ಪ್ಲಗ್ ಬಂದಿದೆ, ಕೇಬಲ್ ಕತ್ತರಿಸಿಟ್ಟಿದ್ದೇನೆ. ಪಿನ್ ನಂಬರ್ ಚೀಟಿ ಬರೆದು ಕೇಬಲ್ಲಿಗೇ ಅಂಟಿಸಿ ಈ ವಾರ ಬೆಳಗಾವಿ ಬಸ್ಸಿಗೆ ಪಾರ್ಸೆಲ್ ಹಾಕಬೇಕು.